ಚಾವಣಿ ಕೆಲಸದ ಗುತ್ತಿಗೆದಾರನ ಹೊಣೆ ಮತ್ತು ವಿಮೆ: ಒಂದು ಐತಿಹಾಸಿಕ ವಿವೇಚನೆ

ಚಾವಣಿಯ ಮೇಲೆ ಕೆಲಸಮಾಡುವವನು ಕಾಲು ಜಾರಿ ಬಿದ್ದನೆಂದರೆ, ಅವನ ಮನೆಮಂದಿಯ ಹೊಟ್ಟೆಪಾಡಿಗೆ ಹೊಣೆ ಯಾರು? ಮನೆ ಕಟ್ಟಿಸುವ ಯಜಮಾನನೇ, ಕೆಲಸವನ್ನು ವಹಿಸಿಕೊಂಡ ಗುತ್ತಿಗೆದಾರನೇ, ಇಲ್ಲವೆ ಬಿದ್ದವನ ಹಣೆಬರಹವೇ? ಈ ಪ್ರಶ್ನೆಗೆ ಆಧುನಿಕ ಶಾಸನಗಳು ಕೊಟ್ಟ ಉತ್ತರಗಳನ್ನು, ಮುಖ್ಯವಾಗಿ ಇಂಗ್ಲೆಂಡಿನ ಚರಿತ್ರೆಯನ್ನೂ ಅದರ ಜಾಡಿನಲ್ಲಿ ನಡೆದ ನಮ್ಮ ದೇಶದ ಕಾಯಿದೆಯನ್ನೂ ಹಿಡಿದು, ಇಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ. ಹೊಣೆಯನ್ನು ವಿಧಿಸುವುದು ಒಂದು. ಅದನ್ನು ತೀರಿಸುವ ಹಣವನ್ನು ಒದಗಿಸುವುದು ಇನ್ನೊಂದು. ಇವೆರಡರ ನಡುವಣ ಅಂತರವೇ ಈ ಚರಿತ್ರೆಯ ತಿರುಳೆಂಬುದು ನಮ್ಮ ಅಭಿಪ್ರಾಯ.

ಇಂಗ್ಲೆಂಡಿನಲ್ಲಿ ಈ ವಿಚಾರದ ಮೂಲವನ್ನು 1837ರ ಪ್ರೀಸ್ಟ್ಲಿ ಮತ್ತು ಫೌಲರ್ ಮೊಕದ್ದಮೆಯಲ್ಲಿ ಕಾಣುತ್ತೇವೆ. ಮಾಂಸದ ವ್ಯಾಪಾರಿಯೊಬ್ಬನ ಸೇವಕನು, ಅತಿಭಾರ ಹೇರಿದ್ದ ಬಂಡಿ ಮುರಿದು ತೊಡೆಯ ಮೂಳೆ ಮುರಿದುಕೊಂಡನು. ಪಂಚರು ಅವನಿಗೆ 100 ಪೌಂಡು ಪರಿಹಾರ ಕೊಡಿಸಿದರು. ಮೇಲಿನ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಇಂಥ ದಾವೆಗೆ ಎಡೆಗೊಟ್ಟರೆ, ಕಟ್ಟಡ ಕಟ್ಟಿದವನ ತಪ್ಪಿನಿಂದ ಮನೆ ಕುಸಿದಾಗಲೂ ಸೇವಕನಿಗೆ ಯಜಮಾನನೇ ಉತ್ತರ ಹೇಳಬೇಕಾದೀತೆಂದು ನ್ಯಾಯಾಧೀಶ ಲಾರ್ಡ್ ಅಬಿಂಜರ್ ವಾದಿಸಿದನು. ಜತೆಯ ಕೆಲಸಗಾರನ ಅಜಾಗರೂಕತೆಯಿಂದಾದ ಗಾಯಕ್ಕೆ ಯಜಮಾನನು ಹೊಣೆಯಲ್ಲವೆಂಬ ತತ್ತ್ವವು ಈ ತೀರ್ಪಿನಿಂದ ಬೆಳೆಯಿತು. ಒಬ್ಬನು ಸಡಿಲವಾಗಿ ಕಟ್ಟಿದ ಸಾರುವೆಯಿಂದ ಅವನ ಜತೆಗಾರನು ಬಿದ್ದರೆ, ಬಿದ್ದವನಿಗೆ ಗತಿಯಿಲ್ಲವೆಂದು ಇದರ ಅರ್ಥ.

1880ರ ಯಜಮಾನರ ಹೊಣೆಗಾರಿಕೆಯ ಕಾಯಿದೆಯು ಈ ಕಟ್ಟನ್ನು ಸ್ವಲ್ಪ ಸಡಿಲಿಸಿತು. ಮೇಲ್ವಿಚಾರಕನ ತಪ್ಪು ಸಿದ್ಧಪಟ್ಟರೆ ಮೂರು ವರ್ಷಗಳ ಗಳಿಕೆಯ ಮಿತಿಯೊಳಗೆ ಪರಿಹಾರ ಪಡೆಯಬಹುದಾಯಿತು. ಅದೇ ವರ್ಷ ಲಂಡನ್ನಿನಲ್ಲಿ ಈ ಹೊಸ ಹೊಣೆಗೆಂದೇ ಎಂಪ್ಲಾಯರ್ಸ್ ಲಯಬಿಲಿಟಿ ಅಶ್ಯೂರೆನ್ಸ್ ಕಾರ್ಪೊರೇಷನ್ ಎಂಬ ವಿಮಾ ಸಂಸ್ಥೆಯು ಹುಟ್ಟಿತು. ಹೊಣೆಯ ಬೆನ್ನಿಗೇ ವಿಮೆಯೂ ಬಂದಿತೆಂಬುದು ಗಮನಾರ್ಹ. ಆದರೆ ಕಾಯಿದೆಯ ಹಕ್ಕನ್ನು ಕರಾರಿನ ಮೂಲಕ ಬಿಟ್ಟುಕೊಡಬಹುದೆಂದು 1882ರಲ್ಲಿ ನ್ಯಾಯಾಲಯವು ತೀರ್ಮಾನಿಸಿದ್ದರಿಂದ, ಅದರ ಫಲ ಬಹುಮಟ್ಟಿಗೆ ಕುಂದಿತು.

ಇದೇ ಕಾಲದಲ್ಲಿ ಜರ್ಮನಿಯು ಬೇರೊಂದು ದಾರಿ ಹಿಡಿಯಿತು. ಬಿಸ್ಮಾರ್ಕನ ಆಡಳಿತದಲ್ಲಿ 1884ರಲ್ಲಿ ಹೊರಟ ಅಪಘಾತ ವಿಮೆಯ ಕಾನೂನು ಕಲ್ಲುಕೆಲಸ, ಮರಗೆಲಸಗಳೊಡನೆ ಚಾವಣಿ ಹೊದಿಸುವ ಕಸುಬನ್ನೂ ಹೆಸರಿಸಿ ಒಳಗೊಂಡಿತು. ಯಜಮಾನರು ತಮ್ಮತಮ್ಮ ಉದ್ಯಮದ ಸಂಘಗಳಲ್ಲಿ ಕಡ್ಡಾಯವಾಗಿ ಸೇರಿ ವಂತಿಗೆ ಕೊಡಬೇಕಾಯಿತು. ಪರಿಹಾರವನ್ನು ಸಂಘವೇ ಸಲ್ಲಿಸುತ್ತಿತ್ತು. ಗುತ್ತಿಗೆದಾರನು ದಿವಾಳಿಯಾದರೂ ಗಾಯಗೊಂಡವನ ಹಕ್ಕು ದಿವಾಳಿಯಾಗಲಿಲ್ಲ.

ಇಂಗ್ಲೆಂಡಿನ 1897ರ ಕಾಯಿದೆಯು ತಪ್ಪು ಯಾರದೆಂದು ಕೇಳದೆ ಪರಿಹಾರ ಕೊಡಿಸಿದ ಮಹತ್ತ್ವದ ಹೆಜ್ಜೆ. ಮರಣಕ್ಕೆ ಮೂರು ವರ್ಷಗಳ ಗಳಿಕೆ ಅಥವಾ 150 ಪೌಂಡು, ಇವುಗಳಲ್ಲಿ ಹೆಚ್ಚಿನದು, 300 ಪೌಂಡಿನ ಮಿತಿಯೊಳಗೆ ಸಲ್ಲತಕ್ಕದ್ದೆಂದು ಅದು ವಿಧಿಸಿತು. ಆದರೆ ಕಟ್ಟಡಗಳ ಮಟ್ಟಿಗೆ ಅದು ಕಸುಬನ್ನು ನೋಡದೆ ಎತ್ತರವನ್ನು ಅಳೆಯಿತು. ಕಟ್ಟಡವು 30 ಅಡಿಯನ್ನು ಮೀರಿರಬೇಕು. ಜತೆಗೆ ಅದನ್ನು ಸಾರುವೆ ಕಟ್ಟಿ ನಿರ್ಮಿಸುತ್ತಲೋ ದುರಸ್ತಿ ಮಾಡುತ್ತಲೋ ಇರಬೇಕು, ಇಲ್ಲವೆ ಕೆಡವುತ್ತಿರಬೇಕು, ಅಥವಾ ಅಲ್ಲಿ ಯಂತ್ರಬಲವನ್ನು ಬಳಸುತ್ತಿರಬೇಕು. ಅಪಘಾತದ ಗಳಿಗೆಯಲ್ಲಿ ಗೋಡೆ 30 ಅಡಿ ಏರಿತ್ತೇ, ಏಣಿಯನ್ನು ಸಾರುವೆಯೆನ್ನಬಹುದೇ ಎಂಬ ವಾದಗಳು ನ್ಯಾಯಾಲಯಗಳನ್ನು ತುಂಬಿದವು. ತಗ್ಗಾದ ಮನೆಗೆ ಏಣಿಯೊರಗಿಸಿ ದುರಸ್ತಿ ಮಾಡುವವನು ಗೆರೆಯ ಹೊರಗೇ ಉಳಿದನು. 1906ರ ಕಾಯಿದೆಯು ಈ ಗೆರೆಯನ್ನು ಅಳಿಸಿತಾದರೂ ವಿಮೆಯನ್ನು ಎಲ್ಲ ಯಜಮಾನರಿಗೂ ಕಡ್ಡಾಯಮಾಡಲಿಲ್ಲ. ಒಳಗುತ್ತಿಗೆಯವನ ಕೆಲಸಗಾರನಿಗೆ ಮುಖ್ಯ ಗುತ್ತಿಗೆದಾರನು ಹೊಣೆಯಾದನು. ತನ್ನ ವ್ಯಾಪಾರಕ್ಕಾಗಿ ಅಲ್ಲದೆ ವಾಸದ ಮನೆಯನ್ನು ದುರಸ್ತಿ ಮಾಡಿಸುವವನಿಗೆ ಆ ಹೊಣೆ ತಗಲಲಿಲ್ಲ. ಆದುದರಿಂದ ಚಿಕ್ಕ ಗುತ್ತಿಗೆದಾರನ ಹಿಂದೆ ವಿಮೆಯಿಲ್ಲದಿದ್ದರೆ ಯಾರೂ ಇರಲಿಲ್ಲ. ಯಜಮಾನರಿಗೆ ವಿಮೆಯನ್ನು ಸಾಮಾನ್ಯವಾಗಿ ಕಡ್ಡಾಯಗೊಳಿಸಿದ ಕಾಯಿದೆ ಹೊರಟದ್ದು 1969ರಲ್ಲಿ. ಜಾರಿಗೆ ಬಂದದ್ದು 1972ರಲ್ಲಿ.

ಇನ್ನು ನಮ್ಮ ದೇಶದ ಮಾತು. 1923ರ ಕಾರ್ಮಿಕರ ಪರಿಹಾರ ಕಾಯಿದೆಯು 1924ರ ಜುಲೈ 1ರಂದು ಜಾರಿಗೆ ಬಂದಿತು. ಇಂಗ್ಲಿಷ್ ಕಾಯಿದೆಯ ಗುಣದೋಷಗಳೆರಡೂ ಇದರಲ್ಲಿ ಇಳಿದುಬಂದವು. ಇಲ್ಲಿಯೂ ಅಂತಸ್ತಿನ ಎಣಿಕೆ ಬಂದಿತು. ತಿದ್ದುಪಡಿಗಳ ಬಳಿಕ ಒಂದಕ್ಕಿಂತ ಹೆಚ್ಚು ಅಂತಸ್ತು, ಅಥವಾ ನೆಲದಿಂದ ಚಾವಣಿಯ ತುದಿಗೆ 12 ಅಡಿ ಎಂಬ ಅಳತೆ ನಿಂತಿತು. ಯಜಮಾನನ ವ್ಯಾಪಾರಕ್ಕೆ ಸಂಬಂಧಿಸದ ತಾತ್ಕಾಲಿಕ ಕೆಲಸಕ್ಕೆ ಬಂದವನನ್ನು 2000ದ ತಿದ್ದುಪಡಿಯವರೆಗೆ ಕಾರ್ಮಿಕನೆಂದೇ ಎಣಿಸಲಿಲ್ಲ. ವಿಮೆಯನ್ನು ಆ ಕಾಯಿದೆ ಕಡ್ಡಾಯಗೊಳಿಸಲಿಲ್ಲ.

ಕನ್ನಡ ಕರಾವಳಿಯ ನಿದರ್ಶನವು ಇದನ್ನು ಸ್ಪಷ್ಟಪಡಿಸುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಅಲ್ಲಿ ಹಂಚಿನ ಮಾಡುಗಳು ಹಬ್ಬಿದವು. ಯಂತ್ರಬಲದ ಕಾರ್ಖಾನೆಯಲ್ಲಿ ಹಂಚು ಮಾಡುವವನು 1923ರ ಕಾಯಿದೆಯ ಒಳಗೆ ಬಂದನು; ಮಳೆಗಾಲಕ್ಕೆ ಮುನ್ನ ಯಾರದೋ ಮನೆಯ ಮಾಡಿಗೆ ಆ ಹಂಚನ್ನೇ ಹೊದಿಸಲು ದಿನಗೂಲಿಗೆ ಬಂದವನು ಹೊರಗುಳಿದನು. ಕಟ್ಟಡ ಕಾರ್ಮಿಕರಿಗೆಂದೇ ಹೊರಟ 1996ರ ಕಾಯಿದೆಯೂ ಹತ್ತಕ್ಕಿಂತ ಕಡಮೆ ಜನರ ಕೆಲಸವನ್ನು, 10 ಲಕ್ಷ ರೂಪಾಯಿ ಮೀರದ ಸ್ವಂತ ವಾಸದ ಮನೆಯ ಕೆಲಸವನ್ನು ಹೊರಗಿಟ್ಟಿತು.

ಅಡಿ, ಅಂತಸ್ತು, ತಲೆಯೆಣಿಕೆ, ರೂಪಾಯಿ, ಹೀಗೆ ಅಳತೆಗೋಲು ಬದಲಾಯಿತೇ ಹೊರತು ಗೆರೆಯ ಹೊರಗೆ ನಿಂತವನು ಬದಲಾಗಲಿಲ್ಲ. 12 ಅಡಿಯ ಕೆಳಗಿನಿಂದ ಬಿದ್ದರೂ ಬೆನ್ನೆಲುಬು ಮುರಿಯುತ್ತದೆ. ಚಿಕ್ಕ ಗುತ್ತಿಗೆದಾರನ ಮೇಲೆ ದೊಡ್ಡ ಹೊಣೆ ಹೇರಿ, ಅದನ್ನು ಹೊರುವ ಶಕ್ತಿಯನ್ನು ವಿಮೆಯ ಮೂಲಕ ಒದಗಿಸದ ಶಾಸನವು ಕಾಗದದ ಮೇಲಿನ ಹಕ್ಕನ್ನಷ್ಟೇ ಕೊಟ್ಟಿತು. ಕಾರ್ಮಿಕ ಶಾಸನಗಳ ಚರಿತ್ರೆಯನ್ನು ಅಭ್ಯಾಸಮಾಡುವವರು ಕಾಯಿದೆ ಹೊರಟ ವರ್ಷವನ್ನು ಮಾತ್ರವಲ್ಲದೆ, ಪರಿಹಾರದ ಹಣವು ಯಾರ ಕೈಯಿಂದ ಬರಬೇಕಾಗಿತ್ತೆಂಬುದನ್ನೂ ವಿಚಾರಿಸತಕ್ಕದ್ದು.