ಕೂಸುಗಳ ಕಾಮಾಲೆ ಕಲಿಸಿದ ವಿದ್ಯೆ

ಯಕೃತ್ತಿನ ಕಸಿಯ ಚರಿತ್ರೆ ಓದುತ್ತ ಹೋದರೆ ಮತ್ತೆ ಮತ್ತೆ ಎದುರಾಗುವವರು ಎಳೆಯ ಮಕ್ಕಳು. 1963ರ ಮಾರ್ಚ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜಲ್ ಮೊದಲ ಕಸಿಗೆ ಕೈಹಾಕಿದ್ದು ಹುಟ್ಟಿನಿಂದಲೇ ಪಿತ್ತನಾಳ ಮುಚ್ಚಿಹೋಗಿದ್ದ ಮೂರು ವರ್ಷದ ಮಗುವಿಗೆ. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ತಯಾರಿಸುವುದೇ ಯಕೃತ್ತು. ಅದು ಹಾಳಾಗಿದ್ದ ಆ ಮೈಯಲ್ಲಿ ರಕ್ತಸ್ರಾವ ನಿಲ್ಲಲೇ ಇಲ್ಲ. 1967ರಲ್ಲಿ ಅವರ ಕೈಯಲ್ಲೇ ಕಸಿಗೊಳಗಾದ ಇನ್ನೊಂದು ಮಗು ವರ್ಷ ದಾಟಿ ಬದುಕಿತು.

ಶಸ್ತ್ರಚಿಕಿತ್ಸೆ ಕೈವಶವಾದರೂ ರೋಗಿಗಳು ಉಳಿಯತೊಡಗಿದ್ದು ಔಷಧ ಬಂದ ಮೇಲೆ. ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೋರಿನ್ ಬಳಕೆಗೆ ಬಂದಿತು. 1983ರಲ್ಲಿ ಅಮೆರಿಕದ ತಜ್ಞರ ಸಭೆಯೊಂದು ಯಕೃತ್ತಿನ ಕಸಿಯನ್ನು ಪ್ರಯೋಗವಲ್ಲ, ಚಿಕಿತ್ಸೆ ಎಂದು ಒಪ್ಪಿತು. 1989ರಲ್ಲಿ ಅದೇ ಕೆಲಸದ ಇನ್ನೊಂದು ಔಷಧ ಟ್ಯಾಕ್ರೊಲಿಮಸ್ ಬಂತು. ಅದೇ ವರ್ಷ ಬ್ರಿಸ್ಬೇನ್‌ನಲ್ಲಿ ರಸೆಲ್ ಸ್ಟ್ರಾಂಗ್ ತಾಯಿಯ ಯಕೃತ್ತಿನ ತುಂಡೊಂದನ್ನು ಮಗನಿಗೆ ಜೋಡಿಸಿ ಗೆದ್ದರು. ಕತ್ತರಿಸಿದ ಯಕೃತ್ತು ಮತ್ತೆ ಬೆಳೆಯುತ್ತದೆ. ಜೀವಂತ ದಾನಿಯ ದಾರಿ ತೆರೆದದ್ದು ಆ ಗುಣದಿಂದಲೇ.

ನಮ್ಮಲ್ಲಿ ಅಂಗಾಂಗ ಕಸಿ ಕಾನೂನು ಬಂದದ್ದು 1994ರಲ್ಲಿ. 1998ರಲ್ಲಿ ದೆಹಲಿಯಲ್ಲಿ ತಂದೆಯ ಯಕೃತ್ತಿನ ಭಾಗ ಪಡೆದು ಬದುಕುಳಿದದ್ದೂ ಪಿತ್ತನಾಳ ಮುಚ್ಚಿದ್ದ ಕೂಸೇ. ಇಂದಿಗೂ ಭಾರತದಲ್ಲಿ ಹೆಚ್ಚಿನ ಯಕೃತ್ತುಗಳು ಬರುವುದು ಮನೆಯವರಿಂದ. ಆ ದಾನಿಗಳಲ್ಲಿ ಹೆಂಗಸರೇ ಹೆಚ್ಚು. ಈ ಭಾರ ಅವರ ಮೇಲಷ್ಟೇ ಬೀಳುವುದು ನ್ಯಾಯವಲ್ಲ. ಮಿದುಳು ಸತ್ತವರ ಅಂಗದಾನವನ್ನು ನೋಡಿಕೊಳ್ಳುವ ನಮ್ಮ ರಾಜ್ಯದ ‘ಜೀವಸಾರ್ಥಕತೆ’ಯ ಕೆಲಸ ಮುಖ್ಯವಾಗುವುದು ಇಲ್ಲಿಯೇ. ಸಿಕ್ಕ ಅಂಗ ಯಾರಿಗೆ ಮೊದಲು ಎಂಬುದಕ್ಕೆ ಅಮೆರಿಕ 2002ರಲ್ಲಿ ‘ಮೆಲ್ಡ್’ ಅಂಕ ಜಾರಿಗೆ ತಂದಿತು: ಆಗ ಅದು ಕಾಮಾಲೆಯ ಹಳದಿಯಾದ ಬಿಲಿರುಬಿನ್, ಮೂತ್ರಪಿಂಡದ ಅಳತೆ ಕ್ರಿಯಾಟಿನಿನ್, ರಕ್ತ ಹೆಪ್ಪುಗಟ್ಟುವ ಅಳತೆ ಐಎನ್‌ಆರ್ ಸೇರಿಸಿದ ಲೆಕ್ಕ. ಎಸ್‌ಜಿಪಿಟಿ ಇದರಲ್ಲಿಲ್ಲ. ಆದರೂ ಯಕೃತ್ತಿನ ರಕ್ತಪರೀಕ್ಷೆಯಾದ ಎಲ್‌ಎಫ್‌ಟಿ ರಿಪೋರ್ಟಿನಲ್ಲಿ ಎಸ್‌ಜಿಪಿಟಿ ಏರಿದ್ದು ಕಂಡೊಡನೆ ಹೆದರುವವರು ಬಹಳ. ಅದು ಹೇಳುವುದು ಜೀವಕೋಶಗಳಿಗೆ ಪೆಟ್ಟಾಗಿದೆ ಎಂದಷ್ಟೇ; ಯಕೃತ್ತು ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ಬಿಲಿರುಬಿನ್, ಆಲ್ಬುಮಿನ್, ಐಎನ್‌ಆರ್‌ಗಳಲ್ಲಿ ನೋಡಬೇಕು.

ಕಸಿಯ ನಂತರದ ವಾರ್ಡಿನಲ್ಲಿ ಮೊದಲ ದಿನಗಳ ಆತಂಕವೆಲ್ಲ ಒಂದು ಸಣ್ಣ ರಕ್ತನಾಳದ ಮೇಲೆ. ಯಕೃತ್ತಿನ ಅಪಧಮನಿಯಲ್ಲಿ ರಕ್ತ ಹರಿಯುತ್ತಿದೆಯೇ ಎಂದು ಡಾಪ್ಲರ್ ಸ್ಕ್ಯಾನ್ ಹಿಡಿದು ಮತ್ತೆ ಮತ್ತೆ ನೋಡುತ್ತಾರೆ. ಟ್ಯಾಕ್ರೊಲಿಮಸ್ ಮಟ್ಟ ತಿಳಿಯಲು ಬೆಳಗಿನ ಮಾತ್ರೆಗೆ ಮೊದಲೇ ರಕ್ತ ತೆಗೆಯಬೇಕು. ಮಾತ್ರೆ ನುಂಗಿ ಬಂದರೆ ಲೆಕ್ಕ ತಪ್ಪುತ್ತದೆ. ಮನೆಗೆ ಹೋದ ಮೇಲೂ ಚಕ್ಕೋತ ಹಣ್ಣು ಮುಟ್ಟುವಂತಿಲ್ಲ, ಅದು ರಕ್ತದಲ್ಲಿ ಈ ಔಷಧದ ಮಟ್ಟ ಏರಿಸುತ್ತದೆ. ಮಾತ್ರೆಯಂತೂ ಸಾಮಾನ್ಯವಾಗಿ ಬದುಕಿರುವವರೆಗೂ.

ಪಿತ್ತನಾಳ ಮುಚ್ಚಿಹೋಗುವ ಮಕ್ಕಳ ಕಾಯಿಲೆಗೆ ಜಪಾನಿನ ಮೊರಿಯೊ ಕಸಾಯ್ 1950ರ ದಶಕದಲ್ಲೇ ಬೇರೊಂದು ಶಸ್ತ್ರಚಿಕಿತ್ಸೆ ರೂಪಿಸಿದ್ದರು. ಎರಡು ತಿಂಗಳು ತುಂಬುವುದರೊಳಗೆ ಮಾಡಿದರೆ ಕಸಿಯನ್ನು ವರ್ಷಗಟ್ಟಲೆ ಮುಂದೂಡಬಹುದು, ಕೆಲವರಿಗೆ ಕಸಿಯೇ ಬೇಡವಾಗಬಹುದು. ಆದ್ದರಿಂದ, ಕೂಸಿಗೆ ಎರಡು ವಾರವಾದರೂ ಕಾಮಾಲೆ ಇಳಿಯದಿದ್ದರೆ, ಮಲ ಬಿಳಿಚಿಕೊಂಡಿದ್ದರೆ ಅದು ಈ ಕಾಯಿಲೆಯಿರಬಹುದು; ನಾಟಿ ಮದ್ದು, ಎಳೆಬಿಸಿಲು ಎಂದು ದಿನ ಕಳೆಯಬೇಡಿ. ಮಕ್ಕಳ ಡಾಕ್ಟರ ಬಳಿ ಹೋಗಿ ಡೈರೆಕ್ಟ್ ಬಿಲಿರುಬಿನ್ ಪರೀಕ್ಷೆ ಮಾಡಿಸಿ.