ರಕ್ಷಣೆಯ ಲೆಕ್ಕ ಯಾರ ಕೈಯಲ್ಲಿದೆ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಅನ್ಯಧರ್ಮೀಯ ನೆರೆಹೊರೆಯವರೊಡನೆ ಬಾಳುವ ನಮ್ಮ ಕುಟುಂಬಗಳಲ್ಲಿ ಮಕ್ಕಳು ಆಗಾಗ ಒಂದು ಪ್ರಶ್ನೆ ಕೇಳುವುದುಂಟು: “ಪಕ್ಕದ ಮನೆಯ ಅಜ್ಜಿಗೂ ಮೋಕ್ಷ ಸಿಗುತ್ತದೆಯೇ?” ಇದು ಎಳೆಯರ ಪ್ರಶ್ನೆಯಾದರೂ, ಇನ್ನೂರು ವರ್ಷಗಳ ಹಿಂದೆ ಇದೇ ಸೀಮೆಯಲ್ಲಿ ದುಡಿದ ಒಬ್ಬ ಗುರುವನ್ನು ಇದು ಕಡೆಯವರೆಗೂ ಕಾಡಿತ್ತು.

ಅವರೇ ಅಬ್ಬೆ ದ್ಯುಬುವಾ. 1792ರಲ್ಲಿ ಫ್ರಾನ್ಸಿನಿಂದ ಹೊರಟು ಬಂದ ಅವರು, 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ಸೀಮೆಯ ಚದುರಿದ ಕ್ರೈಸ್ತರನ್ನು ಒಗ್ಗೂಡಿಸಲು ನಿಯುಕ್ತರಾದರು. ದೇಶೀಯ ಉಡುಪು ಧರಿಸಿ, ದೇಶೀಯರಂತೆಯೇ ಬಾಳಿದ ಅವರನ್ನು ಜನರು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ಅವರು ಬೇಸಾಯದ ನೆಲೆಯೊಂದನ್ನು ಕಟ್ಟಿದರು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸುವ ಕಾರ್ಯವನ್ನೂ ಕೈಗೊಂಡರು. 1803-04ರ ಅವಧಿಯಲ್ಲಿ 25 ಸಾವಿರಕ್ಕೂ ಮಿಕ್ಕ ಜನರಿಗೆ ಲಸಿಕೆ ಹಾಕಲಾಯಿತೆಂದು ದಾಖಲೆಯಿದೆ.

ಹೀಗಿದ್ದೂ 1823ರಲ್ಲಿ ಸ್ವದೇಶಕ್ಕೆ ಮರಳಿದ ವರ್ಷವೇ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು ನಿರಾಶೆಯ ತೀರ್ಪನ್ನು ಕೊಟ್ಟರು. ತಮ್ಮಿಂದ ಹೊಸದಾಗಿ ಸ್ನಾನದೀಕ್ಷೆ ಪಡೆದವರು ಇನ್ನೂರು ಮುನ್ನೂರು ಮಂದಿ ಮಾತ್ರ. ಹಿಂದೂಗಳ ಮನಃಪರಿವರ್ತನೆ ಅಸಾಧ್ಯ. ದೇವರೇ ಈ ಜನರನ್ನು ಕೈಬಿಟ್ಟಂತಿದೆ ಎಂಬುದು ಅವರ ವಾದದ ಸಾರ. ಮರುವರ್ಷವೇ ಜೇಮ್ಸ್ ಹಫ್ ಎಂಬ ಆಂಗ್ಲ ಪಾದ್ರಿ ಇದಕ್ಕೆ ಪ್ರತ್ಯುತ್ತರವಾಗಿ ಗ್ರಂಥವನ್ನೇ ಬರೆದರು.

ದ್ಯುಬುವಾರವರ ಪ್ರಾಮಾಣಿಕತೆಯನ್ನು ನಾವು ಗೌರವಿಸಬೇಕು. ಆದರೆ ಅವರ ತೀರ್ಪಿನಲ್ಲಿ ಒಂದು ತಪ್ಪು ಅಡಗಿತ್ತು: ಅವರು ದೇವರ ಕೃಪೆಯನ್ನು ತಮ್ಮ ದೀಕ್ಷಾ ಪುಸ್ತಕದ ಸಂಖ್ಯೆಯಿಂದ ಅಳೆದರು. ರಕ್ಷಣೆಯು ಕ್ರಿಸ್ತನಲ್ಲಿ ದೇವರು ಉಚಿತವಾಗಿ ಕೊಡುವ ವರವೇ ಹೊರತು, ಬೋಧಕನ ದುಡಿಮೆಗೆ ಸಲ್ಲುವ ಕೂಲಿಯಲ್ಲ. ಎಲ್ಲರೂ ರಕ್ಷಣೆ ಹೊಂದಬೇಕೆಂಬುದೇ ದೇವರ ಚಿತ್ತವೆಂದು ಸಂತ ಪೌಲರು ತಿಮೊಥೇಯನಿಗೆ ಬರೆದರು. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದವರು, ಪ್ರಾಮಾಣಿಕವಾಗಿ ದೇವರನ್ನು ಅರಸಿ, ಆತನ ಕೃಪೆಯಿಂದ ಪ್ರೇರಿತರಾಗಿ ಮನಸ್ಸಾಕ್ಷಿಯಂತೆ ನಡೆದರೆ ಅವರೂ ರಕ್ಷಣೆಯನ್ನು ಪಡೆಯಬಲ್ಲರೆಂದು ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಸಾರಿತು. ಶುಭಸಂದೇಶ ಸಾರುವ ಹೊಣೆ ಇದರಿಂದ ತಗ್ಗಲಿಲ್ಲ. ಇತರರ ಮೇಲೆ ತೀರ್ಪು ಕೊಡುವ ಹೊರೆ ಮಾತ್ರ ನಮ್ಮಿಂದ ಇಳಿಯಿತು.

ಹಾಸನಕ್ಕೆ ವೆಸ್ಲಿಯನ್ ಮಿಷನ್ನಿನವರೂ ಬಂದರು. ರಕ್ಷಣೆ ವಿಶ್ವಾಸದಿಂದಲೋ ಸತ್ಕ್ರಿಯೆಗಳಿಂದಲೋ ಎಂಬ ಯುರೋಪಿನ ಹಳೆಯ ವಿವಾದದ ನೆರಳು ಇಲ್ಲಿನ ಎರಡು ಸಭೆಗಳ ನಡುವೆಯೂ ಇತ್ತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನರೂ ಜಂಟಿ ಘೋಷಣೆಗೆ ಸಹಿ ಹಾಕಿದರು. 2006ರಲ್ಲಿ ಮೆಥೋಡಿಸ್ಟರೂ ಅದಕ್ಕೆ ಸಮ್ಮತಿಸಿದರು. ಕೃಪೆಯೇ ಮೂಲ, ವಿಶ್ವಾಸ ಅದನ್ನು ಸ್ವೀಕರಿಸುವ ಕೈ, ಸತ್ಕ್ರಿಯೆ ಅದರ ಫಲ ಎಂಬುದು ಆ ಒಮ್ಮತದ ತಿರುಳು.

ದ್ಯುಬುವಾರವರು ತಮ್ಮ ಸೋಲನ್ನು ಎಣಿಸಿದರು. ಆದರೆ ಲಸಿಕೆಯಿಂದ ಬದುಕಿ ಉಳಿದ ಕಂದಮ್ಮಗಳನ್ನು ಅವರು ಆ ಲೆಕ್ಕಕ್ಕೆ ಸೇರಿಸಲೇ ಇಲ್ಲ. ಸಾತಹಳ್ಳಿಯ ಹೊಲಗಳಲ್ಲಿ ಅವರು ಬಿತ್ತಿದ ವಿಶ್ವಾಸ ತಲೆಮಾರುಗಳಿಗೆ ಹರಿದುಬಂದುದನ್ನು ಕಾಣಲು ಅವರು ಇರಲೂ ಇಲ್ಲ; 1848ರಲ್ಲಿ ಪ್ಯಾರಿಸಿನಲ್ಲಿ ನಿಧನರಾದರು. ಆದುದರಿಂದ ಮಗು ಮತ್ತೆ ಕೇಳಿದಾಗ ನಾವು ಹೀಗೆನ್ನೋಣ: “ಅಜ್ಜಿಯ ಲೆಕ್ಕ ಕರುಣಾಮಯನಾದ ದೇವರ ಕೈಯಲ್ಲಿದೆ, ಕಂದಾ. ಆ ಕರುಣೆ ಎಂಥದೆಂಬುದು ನಮ್ಮ ನಡತೆಯಲ್ಲಿ ಅವರಿಗೆ ಕಾಣಬೇಕು. ಅದು ನಮ್ಮ ಪಾಲಿನ ಕೆಲಸ.”