ಪಿಟುಫಿಕ್ ಬಾಹ್ಯಾಕಾಶ ನೆಲೆ

ಗ್ರೀನ್‌ಲ್ಯಾಂಡಿನ ವಾಯವ್ಯ ಕರಾವಳಿಯಲ್ಲಿ, 76 ಡಿಗ್ರಿ ಉತ್ತರ ಅಕ್ಷಾಂಶದಾಚೆ ಇರುವ ಅಮೆರಿಕದ ಸೇನಾ ನೆಲೆ. ಆ ದೇಶದ ನೆಲೆಗಳಲ್ಲಿ ಅತ್ಯಂತ ಉತ್ತರದ್ದು. 2023ರ ಏಪ್ರಿಲ್‌ವರೆಗೆ ಥೂಲೆ ವಾಯುನೆಲೆ ಎಂದೇ ಹೆಸರಾಗಿತ್ತು. ಸುಮಾರು 3,000 ಮೀಟರ್ ಉದ್ದದ ರನ್‌ವೇ ಇದ್ದರೂ ಕಾಯಂ ಯುದ್ಧವಿಮಾನ ದಳ ಇಲ್ಲಿಲ್ಲ.

ಪಾತ್ರ, ಘಟಕಗಳು: ಶೀತಲ ಸಮರದ ಆರಂಭದಲ್ಲಿ ಇದು ಬಾಂಬರ್‌ಗಳ ಮುಂಚೂಣಿ ತಾಣ. ಖಂಡಾಂತರ ಕ್ಷಿಪಣಿಗಳು ಬಂದ ಮೇಲೆ ದಾಳಿಗಿಂತ ಕಾವಲೇ ಮುಖ್ಯವಾಯಿತು. ಇಂದು 821ನೇ ಬಾಹ್ಯಾಕಾಶ ನೆಲೆ ಸಮೂಹ ಆಡಳಿತ ನೋಡಿಕೊಳ್ಳುತ್ತದೆ. 12ನೇ ಬಾಹ್ಯಾಕಾಶ ಎಚ್ಚರಿಕೆ ದಳ ಎರಡು ಮುಖದ ರಾಡಾರ್‌ನಿಂದ ಧ್ರುವದ ಕಡೆಯ ಆಕಾಶವನ್ನು ಗಮನಿಸುತ್ತದೆ. ಉಪಗ್ರಹಗಳೊಡನೆ ಸಂಪರ್ಕಕ್ಕೆ ಪ್ರತ್ಯೇಕ ಕೇಂದ್ರವಿದೆ.

ನಿರ್ಮಾಣ: 1951ರ ಡೆನ್ಮಾರ್ಕ್ ಒಪ್ಪಂದದ ಬೆನ್ನಲ್ಲೇ ‘ಬ್ಲೂ ಜೇ’ ಎಂಬ ಗುಪ್ತ ಹೆಸರಿನಲ್ಲಿ ಕೆಲಸ ಶುರುವಾಯಿತು. ಎಂಜಿನಿಯರುಗಳಿಗೆ ಚಳಿಗಿಂತ ದೊಡ್ಡ ತಲೆನೋವು ಶಾಖ. ಇಲ್ಲಿ ನೆಲದಡಿಯ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಹಾಗಿರುವಷ್ಟು ದಿನ ಅದು ಗಟ್ಟಿ, ಕರಗಿದರೆ ಕೆಸರು. ಮೇಲಿನ ಕಟ್ಟಡ ವಾಲುತ್ತದೆ. ಆದ್ದರಿಂದ ಕೆಳಗೆ ಗಾಳಿಯಾಡುವಂತೆ ಮನೆಗಳನ್ನು ನೆಲದಿಂದೆತ್ತರಿಸಿ ಕಟ್ಟಿದರು. ಎತ್ತರಿಸಲಾಗದ ಭಾರಿ ಹ್ಯಾಂಗರ್‌ಗಳ ನೆಲಹಾಸಿನಡಿ ಕೊಳವೆ ಹೂತು, ಹೊರಗಿನ ತಣ್ಣನೆ ಗಾಳಿ ಹಾಯಿಸಿದರು. ನೀರು, ಕೊಳಚೆ ಕೊಳವೆಗಳನ್ನು ಹೂಳದೆ ನೆಲದ ಮೇಲೆಯೇ ಶಾಖನಿರೋಧಕ ಹೊದಿಸಿ ಒಯ್ದರು. ಬೇಸಿಗೆಯಲ್ಲಿ ಮುಳುಗದ ಸೂರ್ಯನ ಬಿಸಿಯನ್ನು ಕಪ್ಪು ಡಾಂಬರು ಹೀರುತ್ತದೆಂದು ರನ್‌ವೇಗೆ ಬಿಳಿ ಬಣ್ಣವನ್ನೂ ಬಳಿದರು. ಸಾಮಾನ್ಯವಾಗಿ ರಾಡಾರ್‌ಗೆ ಸಿಗುವ ಪ್ರಾಶಸ್ತ್ಯ ಈ ಅಡಿಪಾಯದ ವಿದ್ಯೆಗೂ ಸಲ್ಲಬೇಕು.

ಅಪಘಾತ: 1968ರ ಜನವರಿ 21ರಂದು ನಾಲ್ಕು ಜಲಜನಕ ಬಾಂಬ್ ಹೊತ್ತ ಬಿ-52 ವಿಮಾನ ಸಮೀಪದ ಕೊಲ್ಲಿಯ ಮಂಜುಗಡ್ಡೆಗೆ ಅಪ್ಪಳಿಸಿತು. ಅಣುಸ್ಫೋಟವಾಗಲಿಲ್ಲ, ಬಾಂಬ್‌ಗಳಲ್ಲಿದ್ದ ಸಾಮಾನ್ಯ ಸ್ಫೋಟಕ ಸಿಡಿದು ಪ್ಲುಟೋನಿಯಂ ಚದುರಿತು. ಏಳು ಸಿಬ್ಬಂದಿಯಲ್ಲಿ ಒಬ್ಬರು ಸತ್ತರು. ಕಲುಷಿತ ಹಿಮವನ್ನು ಬಾಚಿ ಅಮೆರಿಕಕ್ಕೆ ಸಾಗಿಸಲಾಯಿತು.

ಸ್ಥಳಾಂತರ: ನೆಲೆಯ ವಿಸ್ತರಣೆಗಾಗಿ 1953ರಲ್ಲಿ ಇಲ್ಲಿನ ಇನುಗ್ವಿಟ್ ಬೇಟೆಗಾರ ಕುಟುಂಬಗಳನ್ನು ಎಬ್ಬಿಸಲಾಯಿತು, ಅವರು ಸುಮಾರು 100 ಕಿ.ಮೀ. ಉತ್ತರದ ಕಾನಾಕ್‌ನಲ್ಲಿ ನೆಲೆಸಬೇಕಾಯಿತು. 1999ರಲ್ಲಿ ಡೆನ್ಮಾರ್ಕ್‌ನ ನ್ಯಾಯಾಲಯ ಸಮುದಾಯಕ್ಕೆ 5 ಲಕ್ಷ ಕ್ರೋನರ್ ಪರಿಹಾರ ಕೊಡಿಸಿತು. 2003ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತಾದರೂ ಹಳೆಯ ನೆಲಕ್ಕೆ ಮರಳುವ ಹಕ್ಕನ್ನು ಮಾನ್ಯ ಮಾಡಲಿಲ್ಲ.